ನದಿ ಬಿಟ್ಟುಹೋದ ಹಾದಿಯಲ್ಲಿ ಒಬ್ಬಳೇ

ವಲೆನ್ಸಿಯಾದ ಹೋಟೆಲುಗಳ ಮೆನುವಿನಲ್ಲಿ ಪಾಯೆಯಾದ ಬೆಲೆಯ ಪಕ್ಕ ಸಣ್ಣ ಅಕ್ಷರದಲ್ಲಿ ಒಂದು ಷರತ್ತಿರುತ್ತದೆ: ಕನಿಷ್ಠ ಇಬ್ಬರು ಇರಬೇಕು. ಒಬ್ಬರೇ ಹೋದವರಿಗೆ ಮೊದಲ ದಿನವೇ ಎದುರಾಗುವ ಸಾಲು ಇದು. ಸ್ಪೇನಿನ ಮೂರನೆಯ ದೊಡ್ಡ ನಗರ, ಮೆಡಿಟರೇನಿಯನ್ ದಂಡೆಯಲ್ಲಿ ಸುಮಾರು 8 ಲಕ್ಷ ಜನ ಬದುಕುವ ಊರು, ಪಾಯೆಯಾ ಹುಟ್ಟಿದ ಊರು, ತನ್ನ ಹೆಸರಾಂತ ಅನ್ನವನ್ನು ಒಂಟಿ ಅತಿಥಿಗೆಂದು ಒಲೆಯ ಮೇಲೆ ಇಡುವುದಿಲ್ಲ.

ಅದಕ್ಕೆ ಕಾರಣ ಆ ಪಾತ್ರೆಯಲ್ಲಿಯೇ ಇದೆ. ಅಗಲವಾದ, ಆಳವಿಲ್ಲದ ಕಬ್ಬಿಣದ ತಟ್ಟೆ. ಅದರಲ್ಲಿ ಅಕ್ಕಿ ಬೆರಳಿನಷ್ಟು ತೆಳ್ಳಗೆ ಹರಡಿರಬೇಕು. ಒಮ್ಮೆ ಅಕ್ಕಿ ಹಾಕಿದ ಮೇಲೆ ಕೈಯಾಡಿಸುವಂತಿಲ್ಲ. ತಳದಲ್ಲಿ ಅನ್ನ ಸೀಯದೆ, ಆದರೆ ಗರಿಗರಿಯಾಗಿ ಹಿಡಿದುಕೊಳ್ಳಬೇಕು. ಆ ಪದರಕ್ಕೇ ಮನೆಮಂದಿ ಪೈಪೋಟಿ ನಡೆಸುತ್ತಾರೆ. ಕೋಳಿ, ಮೊಲ, ಚಪ್ಪಟೆ ಬೀನ್ಸ್, ನಮ್ಮಲ್ಲಿ ಡಬಲ್ ಬೀನ್ಸ್ ಎನ್ನುತ್ತೇವಲ್ಲ ಆ ಜಾತಿಯ ದೊಡ್ಡ ಬಿಳಿ ಕಾಳು, ಟೊಮೆಟೊ, ಕೇಸರಿ, ಆಲಿವ್ ಎಣ್ಣೆ. ಕಿತ್ತಳೆ ಮರದ ಸೌದೆ ಸಿಕ್ಕರೆ ಇನ್ನೂ ಒಳ್ಳೆಯದು. ಭಾನುವಾರ ಮಧ್ಯಾಹ್ನ ಅಜ್ಜ, ಅಜ್ಜಿ, ಮಕ್ಕಳು, ಸೊಸೆಯಂದಿರು ತಟ್ಟೆಯ ಸುತ್ತ ಕುಳಿತು, ಮರದ ಚಮಚದಲ್ಲಿ ತಂತಮ್ಮ ಮುಂದಿನ ಭಾಗವನ್ನು ಅಂಚಿನಿಂದ ನಡುವಿನ ಕಡೆಗೆ ತಿನ್ನುತ್ತಾ ಹೋಗುತ್ತಾರೆ. ಇಂಥ ಅಡುಗೆ ಒಬ್ಬರ ಲೆಕ್ಕಕ್ಕೆ ಒಗ್ಗುವುದಿಲ್ಲ.

ಹಾಗಿದ್ದೂ, ಒಬ್ಬರೇ ಹೋಗುವುದಾದರೆ ಎಲ್ಲಿಗೆ ಹೋಗಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವ ಹೆಸರು ವಲೆನ್ಸಿಯಾ. ಬಾರ್ಸಿಲೋನಾದ ಸೊಗಸು, ನೀಸ್ ನಗರದ ನೀಲಿ ಎಲ್ಲವೂ ನಿಜ. ಆದರೆ ಜೊತೆಯಲ್ಲಿ ಯಾರೂ ಇಲ್ಲದವರಿಗೆ ಊರೊಂದರಲ್ಲಿ ಮುಖ್ಯವಾಗಿ ಬೇಕಾದದ್ದು ಯಾರ ಅಪ್ಪಣೆಯೂ ಇಲ್ಲದೆ, ಏನನ್ನೂ ಕೊಳ್ಳದೆ, ಗಂಟೆಗಟ್ಟಲೆ ಇರಬಹುದಾದ ಜಾಗ. ಇಬ್ಬರು ಹೋದರೆ ಕಾಫಿ ಅಂಗಡಿಯ ಮೇಜೇ ಒಂದು ಮನೆ. ಒಬ್ಬರೇ ಹೋದವರಿಗೆ ಬೀದಿ, ಬೆಂಚು, ಕಡಲದಂಡೆ, ಮಾರುಕಟ್ಟೆಯ ಮೆಟ್ಟಿಲು ಇವೇ ಮನೆ. ಇಂಥ ಎಲ್ಲರ ಜಾಗಗಳಿಗಾಗಿ ವಲೆನ್ಸಿಯಾದ ಜನ ಹೋರಾಡಿದ್ದಾರೆ. ಅವರು ಗೆದ್ದದ್ದರ ನೆರಳಿನಲ್ಲಿ ದೂರದಿಂದ ಬಂದ ನಾನೂ ಕುಳಿತುಕೊಂಡೆ.

ವೀಸಾ ವಿಚಾರ ಬೇಗ ಹೇಳಿಬಿಡುತ್ತೇನೆ. ಸ್ಪೇನಿಗೆ ಷೆಂಗೆನ್ ವೀಸಾ ಬೇಕು. ಯಾವುದೇ 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಮ್ಯಾಡ್ರಿಡ್‌ನಲ್ಲಿ ಇಳಿದರೆ ಅತಿವೇಗದ ರೈಲು ಎರಡು ಗಂಟೆಯೊಳಗೆ ವಲೆನ್ಸಿಯಾ ಮುಟ್ಟಿಸುತ್ತದೆ. ಆ ರೈಲು ನಿಲ್ಲುವ ನಿಲ್ದಾಣಕ್ಕೆ ಚಿತ್ರಕಾರ ಹೋಕಿನ್ ಸೊರೋಯಾನ ಹೆಸರಿಟ್ಟಿದ್ದಾರೆ. ಅದಕ್ಕಿಂತ ಹಳೆಯದಾದ ಉತ್ತರ ನಿಲ್ದಾಣ 1917ರದು, ಸ್ವಲ್ಪವೇ ದೂರದಲ್ಲಿದೆ. ಅದರ ಮುಂಭಾಗದ ತುಂಬ ಪಿಂಗಾಣಿಯ ಕಿತ್ತಳೆ ಹಣ್ಣುಗಳು. ಒಳಗಿನ ಗೋಡೆಗಳ ಮೇಲೆ ಹಲವು ಭಾಷೆಗಳಲ್ಲಿ ಪ್ರಯಾಣ ಸುಖಕರವಾಗಲಿ ಎಂಬ ಹಾರೈಕೆ. ಒಬ್ಬರೇ ಬಂದವರು ಅಲ್ಲಿ ಐದು ನಿಮಿಷ ನಿಂತು ಹೋಗಬೇಕು.

ನಿಲ್ದಾಣದಿಂದ ಹಳೆಯ ಊರನ್ನು ದಾಟಿ ಉತ್ತರಕ್ಕೆ ನಡೆದರೆ ಕೋಟೆಯ ಸೆರ್ರಾನೋಸ್ ಬಾಗಿಲು, ಅದರಾಚೆ ಒಂದು ಹಳೆಯ ಕಲ್ಲಿನ ಸೇತುವೆ. ಸೇತುವೆಯ ಕೆಳಗೆ ನೋಡಿದರೆ ನೀರಿಲ್ಲ. ಮರಗಳಿವೆ, ಓಡುವವರಿದ್ದಾರೆ, ನಾಯಿಗಳಿವೆ, ಫುಟ್‌ಬಾಲ್ ಆಡುವ ಮಕ್ಕಳಿದ್ದಾರೆ. ನದಿಯ ಹೆಸರು ತೂರಿಯಾ. ನದಿಯನ್ನೇ ಊರಿನಿಂದಾಚೆ ಸಾಗಿಸಿ ಅರ್ಧ ಶತಮಾನ ದಾಟಿದೆ.

1957ರ ಅಕ್ಟೋಬರ್ 14ರಂದು ತೂರಿಯಾ ಉಕ್ಕಿ ಊರಿನೊಳಕ್ಕೆ ನುಗ್ಗಿತು. ಒಂದು ಅಲೆ ಹೋಯಿತು ಎನ್ನುವಷ್ಟರಲ್ಲಿ ಅದಕ್ಕಿಂತ ದೊಡ್ಡದು ಬಂತು. ಕನಿಷ್ಠ 81 ಜನ ಸತ್ತರು. ಜನರಲ್ ಫ್ರಾಂಕೊನ ಸರ್ಕಾರ ನದಿಯ ದಿಕ್ಕನ್ನೇ ಬದಲಿಸಲು ತೀರ್ಮಾನಿಸಿತು: ಊರಿನ ದಕ್ಷಿಣಕ್ಕೆ ಸುಮಾರು 12 ಕಿಲೋಮೀಟರ್ ಉದ್ದದ ಹೊಸ ಪಾತ್ರ ತೋಡಿ, ಪ್ರವಾಹವನ್ನು ಅಲ್ಲಿಂದ ಸಮುದ್ರಕ್ಕೆ ಕಳಿಸುವ ಯೋಜನೆ. ಅದರ ಖರ್ಚಿನಲ್ಲಿ ಊರಿನವರೂ ಪಾಲು ಕೊಟ್ಟರು. ವರ್ಷಗಟ್ಟಲೆ ವಲೆನ್ಸಿಯಾದಿಂದ ಹೊರಡುವ ಕಾಗದಗಳಿಗೆ ಮಾಮೂಲಿ ಅಂಚೆಚೀಟಿಯ ಜೊತೆ 25 ಸೆಂಟಿಮೊ ಬೆಲೆಯ ಇನ್ನೊಂದು ಚೀಟಿಯನ್ನು ಅಂಟಿಸಬೇಕಾಗಿತ್ತು. ಪ್ರೇಮಪತ್ರಕ್ಕೂ, ಸಾವಿನ ಸುದ್ದಿಗೂ, ನದಿಯ ಸುಂಕ.

ಹೊಸ ಪಾತ್ರ ಸಿದ್ಧವಾದ ಮೇಲೆ ಹಳೆಯ ಪಾತ್ರ ಖಾಲಿ ಉಳಿಯಿತು. ಊರಿನ ನಡುವೆಯೇ ಅಷ್ಟಗಲದ ಬಯಲು. ಅಲ್ಲಿ ಹೆದ್ದಾರಿ ಮಾಡಬೇಕೆಂದು ಅಧಿಕಾರಿಗಳು ನಕ್ಷೆ ಬರೆದರು: ಮ್ಯಾಡ್ರಿಡ್ ಕಡೆಯಿಂದ ಬರುವ ವಾಹನಗಳು ನೇರ ಬಂದರಿಗೆ ಹೋಗಲಿ ಎಂದು. ಎಪ್ಪತ್ತರ ದಶಕದಲ್ಲಿ, ಸರ್ವಾಧಿಕಾರಿಯ ಕೊನೆಗಾಲದಲ್ಲಿ, ಸಭೆ ಸೇರುವುದೂ ಕಷ್ಟವಿದ್ದ ದಿನಗಳಲ್ಲಿ, ಊರಿನವರು ಆ ನಕ್ಷೆಗೆ ಅಡ್ಡ ನಿಂತರು. ತೂರಿಯಾದ ಪಾತ್ರ ನಮ್ಮದು, ಅದು ನಮಗೆ ಹಸಿರಾಗಿ ಬೇಕು ಎಂಬುದು ಅವರ ಕೂಗು. ಫ್ರಾಂಕೊ 1975ರಲ್ಲಿ ತೀರಿಕೊಂಡ. ಮರುವರ್ಷ ನದಿಪಾತ್ರದ ನೆಲ ನಗರಕ್ಕೆ ಸೇರಿತು. ಎಂಬತ್ತರ ದಶಕದಲ್ಲಿ ತೋಟದ ಕೆಲಸ ಶುರುವಾಯಿತು. ಇಂದು ಅದು ಸುಮಾರು ಒಂಬತ್ತು ಕಿಲೋಮೀಟರ್ ಉದ್ದದ ಉದ್ಯಾನ. ಪಶ್ಚಿಮದಲ್ಲಿ ಕಬೆಸೇರಾ ಕೆರೆ, ಪೂರ್ವದಲ್ಲಿ ಸಾಂತಿಯಾಗೊ ಕಾಲಾತ್ರಾವಾ ಕಟ್ಟಿದ ಕಲೆ ಮತ್ತು ವಿಜ್ಞಾನಗಳ ನಗರಿ, ನಡುವೆ ಸೇತುವೆಗಳ ಸಾಲು. ಅವುಗಳಲ್ಲಿ ಕೆಲವು ನಿಜವಾದ ನೀರನ್ನು ಶತಮಾನಗಳ ಕಾಲ ಕಂಡವು.

ಈ ಉದ್ಯಾನದಲ್ಲಿ ನಡೆಯುವುದೇ ಒಂಟಿ ಪ್ರಯಾಣಿಕರ ದಿನಚರಿಯಾಗಬಹುದು, ನನಗಂತೂ ಆಯಿತು. ಬೀದಿಯ ಮಟ್ಟಕ್ಕಿಂತ ಕೆಳಗಿರುವುದರಿಂದ ವಾಹನಗಳ ಸದ್ದು ತಲೆಯ ಮೇಲೆಯೇ ಹಾದುಹೋಗುತ್ತದೆ. ದಾರಿ ತಪ್ಪುವ ಭಯವಿಲ್ಲ, ಒಂದು ದಿಕ್ಕು ಸಮುದ್ರದ ಕಡೆಗೆ, ಇನ್ನೊಂದು ಬೆಟ್ಟದ ಕಡೆಗೆ. ದಣಿದಾಗ ಯಾವುದಾದರೂ ಸೇತುವೆಯ ಬಳಿ ಮೆಟ್ಟಿಲು ಹತ್ತಿದರೆ ಊರು. ಒಂದು ಕಡೆ ಗಲಿವರನ ದೊಡ್ಡ ಪ್ರತಿಮೆ ನೆಲದ ಮೇಲೆ ಮಲಗಿದೆ. ಅವನ ಕೋಟು, ಕೂದಲು, ಕಾಲುಗಳೆಲ್ಲ ಜಾರುಬಂಡೆಗಳು. ಮಕ್ಕಳೇ ಲಿಲಿಪುಟ್ಟಿನವರಾಗಿ ಅವನ ಮೈಮೇಲೆ ಹತ್ತಿ ಇಳಿಯುತ್ತಾರೆ. ಒಂದು ಸಂಜೆ ಅಲ್ಲೇ ಪಕ್ಕದ ಬೆಂಚಿನಲ್ಲಿ ಕುಳಿತಿದ್ದಾಗ ಮೊಮ್ಮಗನನ್ನು ಆಡಿಸಲು ತಂದಿದ್ದ ಅಜ್ಜಿಯೊಬ್ಬರು ಮಾತಿಗಿಳಿದರು. ನನ್ನದು ಹರಕು ಸ್ಪ್ಯಾನಿಷ್, ಅವರದು ವಲೆನ್ಸಿಯನ್ ಬೆರೆತದ್ದು.

“ಒಬ್ಬಳೇ ಬಂದೆಯಾ, ಮಗಳೇ?”

“ಹೌದಮ್ಮ, ಒಬ್ಬಳೇ.”

“ಮನೆಯವರು?”

“ಊರಲ್ಲಿದ್ದಾರೆ.”

ಅವರು ತಲೆಯಾಡಿಸಿದರು, ಚೀಲದಿಂದ ಕಿತ್ತಳೆ ತೆಗೆದು ಅರ್ಧ ಕೊಟ್ಟರು. ನಂತರ, ತಾನು ಹುಡುಗಿಯಾಗಿದ್ದಾಗ ಈ ಜಾಗದಲ್ಲಿ ಬರೀ ಕಲ್ಲು, ಜೊಂಡು ಇತ್ತೆಂದೂ, ನದಿ ಬಂದ ರಾತ್ರಿ ತಮ್ಮನ್ನು ಮಹಡಿಗೆ ಎತ್ತಿಕೊಂಡು ಹೋದರೆಂದೂ ಹೇಳಿದರು. ಇಬ್ಬರು ಸ್ನೇಹಿತೆಯರು ಮಾತಾಡಿಕೊಂಡು ಕುಳಿತಿರುವ ಬೆಂಚಿಗೆ ಮೂರನೆಯವರು ಬಂದು ಮಾತು ಶುರುಮಾಡುವುದು ಅಪರೂಪ. ಒಂಟಿಯಾಗಿ ಕುಳಿತವರ ಪಕ್ಕ ಊರು ತಾನಾಗಿ ಬಂದು ಕೂರುತ್ತದೆ.

ಕಾಲಾತ್ರಾವಾನ ಬಿಳಿ ಕಟ್ಟಡಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನೀರಿನ ಕೊಳಗಳ ಮೇಲೆ ಕಣ್ಣಿನ ಆಕಾರದ ಹೆಮಿಸ್ಫೆರಿಕ್, ಅಸ್ಥಿಪಂಜರದಂಥ ವಿಜ್ಞಾನ ಸಂಗ್ರಹಾಲಯ. ನೋಡಲೇಬೇಕು, ಅನುಮಾನವಿಲ್ಲ. ಆದರೆ ಬೇಸಿಗೆಯ ನಡುಹಗಲು ಆ ಬಿಳುಪಿನ ನಡುವೆ ನಿಲ್ಲಲು ನೆರಳು ಸಿಗುವುದು ಕಷ್ಟ. ಅವು ಕ್ಯಾಮೆರಾಕ್ಕೆ ಒಪ್ಪುವ ಕಟ್ಟಡಗಳು. ನನ್ನ ಮನಸ್ಸು ಪಶ್ಚಿಮದ ಕಡೆಯ ಪೈನ್ ಮರಗಳ ಕೆಳಗೇ ಉಳಿಯಿತು.

ಗುರುವಾರದ ನಡುಹಗಲನ್ನು ಮಾತ್ರ ಬೇರೆ ಯಾವುದಕ್ಕೂ ಕೊಡಬಾರದು. ಪ್ರಧಾನ ಚರ್ಚಿನ ಪಕ್ಕ, ಅಪೊಸ್ತಲರ ಬಾಗಿಲು ಎಂದು ಕರೆಯುವ ಕಡೆ, ಕಬ್ಬಿಣದ ಪುಟ್ಟ ಬೇಲಿಯೊಳಗೆ ಎಂಟು ಕುರ್ಚಿಗಳನ್ನು ವೃತ್ತಾಕಾರವಾಗಿ ಇಡುತ್ತಾರೆ. ಹನ್ನೆರಡರ ಗಂಟೆ ಹೊಡೆಯುತ್ತಿದ್ದಂತೆ ಕಪ್ಪು ನಿಲುವಂಗಿ ತೊಟ್ಟ ಎಂಟು ಜನ ಬಂದು ಕೂರುತ್ತಾರೆ. ಅವರು ವಕೀಲರಲ್ಲ. ಊರಿನ ಸುತ್ತಲಿನ ತೋಟ ಗದ್ದೆಗಳಿಗೆ ತೂರಿಯಾದ ನೀರು ಒಯ್ಯುವ ಎಂಟು ಕಾಲುವೆಗಳ ರೈತರು ಆರಿಸಿ ಕಳಿಸಿದ ರೈತರೇ. ಇದು ವಲೆನ್ಸಿಯಾದ ನೀರಿನ ನ್ಯಾಯಮಂಡಳಿ.

ಕೈಯಲ್ಲಿ ಹಿತ್ತಾಳೆಯ ಕೊಕ್ಕೆಯ ಕೋಲು ಹಿಡಿದ ಜವಾನ ಒಂದೊಂದೇ ಕಾಲುವೆಯ ಹೆಸರು ಕೂಗುತ್ತಾನೆ: ಕ್ವಾರ್ಟ್ ಕಾಲುವೆಯ ಆಪಾದಿತರು! ಮಿಸ್ಲಾತಾ ಕಾಲುವೆಯ ಆಪಾದಿತರು! ಸರದಿ ತಪ್ಪಿಸಿ ನೀರು ಬಿಟ್ಟುಕೊಂಡವರು, ಪಕ್ಕದವರ ಹೊಲ ಮುಳುಗಿಸಿದವರು, ತಮ್ಮ ಪಾಲಿನ ಕಾಲುವೆ ಶುಚಿಮಾಡದವರು, ಇಂಥವರ ಮೇಲೆ ದೂರಿದ್ದರೆ ಮುಂದೆ ಬರಬೇಕು. ಎಲ್ಲವೂ ಬಾಯಿಮಾತಿನಲ್ಲೇ, ವಲೆನ್ಸಿಯನ್ ಭಾಷೆಯಲ್ಲಿ. ಮಾತಾಡಲು ಯಾರ ಸರದಿ ಎಂಬುದನ್ನು ಅಧ್ಯಕ್ಷ ಕಾಲಿನಿಂದ ತೋರಿಸುವ ಪದ್ಧತಿ. ಆಪಾದಿತ ನದಿಯ ಎಡದಂಡೆಯವನಾದರೆ ತೀರ್ಪಿನ ಸಲಹೆ ಬಲದಂಡೆಯವರದು, ಬಲದಂಡೆಯವನಾದರೆ ಎಡದಂಡೆಯವರದು. ತೀರ್ಪು ಅಲ್ಲೇ, ಆಗಲೇ. ಮೇಲ್ಮನವಿ ಇಲ್ಲ. ನಮ್ಮ ಕೆರೆ ಬಯಲಿನ ಊರುಗಳಲ್ಲಿ ತೂಬೆತ್ತಿ, ಸರದಿ ನೋಡಿ ಗದ್ದೆಗೆ ನೀರು ಹಾಯಿಸುತ್ತಿದ್ದ ನೀರಗಂಟಿಯನ್ನು ಕಂಡವರಿಗೆ ಇಲ್ಲಿ ನಡೆಯುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ನೆಲ, ಬೇರೆ ಕಾಲುವೆ. ಜಗಳ ಅದೇ, ಅದನ್ನು ಬಗೆಹರಿಸುವ ಬಗೆಯೂ ಹತ್ತಿರದ್ದೇ.

ಈ ಮಂಡಳಿಯ ಬೇರು ಅರಬರ ಕಾಲದ್ದೆಂದು ಊರಿನವರು ಹೇಳುತ್ತಾರೆ. ಅರಗಾನಿನ ದೊರೆ ಒಂದನೆಯ ಹೈಮೆ 1238ರಲ್ಲಿ ವಲೆನ್ಸಿಯಾವನ್ನು ಗೆದ್ದಾಗ ಮುಸ್ಲಿಂ ರೈತರು ಕಟ್ಟಿದ ಕಾಲುವೆಗಳನ್ನೂ ಅವುಗಳ ಕಟ್ಟಳೆಯನ್ನೂ ಹಾಗೆಯೇ ಮುಂದುವರಿಸಿದ. ಆಳುವವರು ಬದಲಾದರು, ಧರ್ಮ ಬದಲಾಯಿತು, ಮಸೀದಿಯಿದ್ದ ಜಾಗದಲ್ಲಿ ಚರ್ಚು ಎದ್ದಿತು. ನೀರು ಹಂಚುವ ಕ್ರಮ ಉಳಿಯಿತು. 2009ರಲ್ಲಿ ಯುನೆಸ್ಕೊ ಇದನ್ನು ಮುರ್ಸಿಯಾದ ಇಂಥದ್ದೇ ಮಂಡಳಿಯ ಜೊತೆಗೆ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಎಷ್ಟೋ ಗುರುವಾರ ದೂರುಗಳೇ ಇರುವುದಿಲ್ಲ. ಎಂಟು ಹೆಸರು ಕೂಗಿ, ಯಾರೂ ಬಾರದೆ, ಕೆಲವೇ ನಿಮಿಷಗಳಲ್ಲಿ ಸಭೆ ಮುಗಿಯುತ್ತದೆ. ಫೋಟೊ ತೆಗೆಯಲು ಬಂದವರಿಗೆ ಬೇಸರವಾಗುವುದನ್ನು ಕಂಡೆ. ನನಗೆ ಹಾಗನ್ನಿಸಲಿಲ್ಲ. ನೀರಿನ ಜಗಳವಿಲ್ಲದ ವಾರವೊಂದನ್ನು ಬೀದಿಯಲ್ಲಿ ನಿಂತು ಕೇಳಿಸಿಕೊಳ್ಳುವ ಭಾಗ್ಯ ಎಷ್ಟು ಊರುಗಳಲ್ಲಿದೆ?

ಅದೇ ಗುರುವಾರದಂದೇ ಪಾಯೆಯಾದ ತೊಡಕೂ ಬಿಡಿಸಿಕೊಳ್ಳುತ್ತದೆ. ದುಡಿಯುವವರು ಮಧ್ಯಾಹ್ನ ಉಣ್ಣುವ ಸಾಮಾನ್ಯ ಬಾರುಗಳಲ್ಲಿ ದಿನದ ಊಟ ಎಂದು ಇರುತ್ತದೆ: ಮೊದಲಿಗೆ ಒಂದು ತಿನಿಸು, ಆಮೇಲೆ ಇನ್ನೊಂದು, ಬ್ರೆಡ್ಡು, ಕುಡಿಯಲು ಏನಾದರೂ, ಕೊನೆಗೆ ಸಿಹಿ ಅಥವಾ ಕಾಫಿ, ಎಲ್ಲ ಸೇರಿ ಒಂದೇ ಬೆಲೆ. ಎಷ್ಟೋ ಕಡೆ ಗುರುವಾರ ಅದರಲ್ಲಿ ಅನ್ನದ ಅಡುಗೆ. ಹತ್ತಾರು ಜನರಿಗೆಂದು ದೊಡ್ಡ ತಟ್ಟೆಯಲ್ಲಿ ಬೇಯಿಸಿ ಒಬ್ಬೊಬ್ಬರಿಗೂ ಬಡಿಸುತ್ತಾರೆ. ಅಲ್ಲಿ ಒಂಟಿ ಕುರ್ಚಿ ವಿಚಿತ್ರವಲ್ಲ. ಬಣ್ಣ ಬಳಿಯುವವನು, ಬ್ಯಾಂಕಿನ ಗುಮಾಸ್ತೆ, ಪಿಂಚಣಿದಾರ ಎಲ್ಲರೂ ಒಬ್ಬೊಬ್ಬರೇ ಕುಳಿತಿರುತ್ತಾರೆ. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಬೇಕು. ತರಕಾರಿ ಪಾಯೆಯಾ ಎಂದರೂ ಬೇಯಿಸಿದ ನೀರು ಕೋಳಿಯದ್ದಿರಬಹುದು, ಸಾಲಡ್ ಎಂದರೆ ಸಾಮಾನ್ಯವಾಗಿ ಮೇಲೆ ಟ್ಯೂನಾ ಮೀನು ಬಂದೇ ಬರುತ್ತದೆ. ಮಾಂಸ ಬೇಡ, ಮೀನು ಬೇಡ ಎಂದು ಎರಡನ್ನೂ ಬೇರೆಬೇರೆಯಾಗಿ ಹೇಳುವುದು ಒಳ್ಳೆಯದು. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ದಪ್ಪ ಆಮ್ಲೆಟ್ಟು ಎಲ್ಲೆಡೆ ಸಿಗುತ್ತದೆ. ತಿನ್ನದವರಿಗೆ ಟೊಮೆಟೊ ಉಜ್ಜಿದ ಬ್ರೆಡ್ಡು, ಸುಟ್ಟ ಬದನೆ, ದೊಣ್ಣೆಮೆಣಸು, ಬೀನ್ಸು, ಋತುವಿದ್ದರೆ ಆರ್ಟಿಚೋಕು.

ಇಲ್ಲಿನ ಹೊತ್ತಿಗೆ ಹೊಂದಿಕೊಳ್ಳದಿದ್ದರೆ ಒಬ್ಬರೇ ಉಣ್ಣುವುದು ಕಷ್ಟ. ಭೂಪಟದಲ್ಲಿ ವಲೆನ್ಸಿಯಾ ಹೆಚ್ಚುಕಡಿಮೆ ಗ್ರೀನಿಚ್ ರೇಖೆಯ ಮೇಲೆಯೇ ಇದೆ. ಆದರೆ ಸ್ಪೇನ್ 1940ರಲ್ಲಿ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಮಧ್ಯ ಯುರೋಪಿನ ಸಮಯಕ್ಕೆ ಸೇರಿಕೊಂಡಿತು, ಮತ್ತೆ ಹಿಂದಿಡಲಿಲ್ಲ. ಬೇಸಿಗೆಯಲ್ಲಿ ಇನ್ನೂ ಒಂದು ಗಂಟೆ ಸೇರುವುದರಿಂದ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಎರಡಕ್ಕೆ, ಜೂನ್ ಕೊನೆಯಲ್ಲಿ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಊಟ ಎರಡರ ಮೇಲೆ, ರಾತ್ರಿಯೂಟ ಒಂಬತ್ತರ ಮೇಲೆ ಎಂದರೆ ಸೋಮಾರಿತನವಲ್ಲ, ಅವರು ಸೂರ್ಯನನ್ನು ನೋಡಿ ಉಣ್ಣುತ್ತಾರೆ ಅಷ್ಟೆ. ಮಧ್ಯಾಹ್ನದೂಟದವರೆಗಿನ ಉದ್ದನೆಯ ಅಂತರವನ್ನು ತುಂಬಲು ಬೆಳಗ್ಗೆ ಹತ್ತರ ಸುಮಾರಿಗೆ ಎಸ್ಮೊರ್ಸಾರ್ ಎಂಬ ಉಪಾಹಾರವಿದೆ. ಮೊದಲು ನೆಲಗಡಲೆ, ಆಲಿವ್ ಕಾಯಿ. ಆಮೇಲೆ ಮೊಳದುದ್ದದ ಬ್ರೆಡ್ಡಿನಲ್ಲಿ ತುಂಬಿಸಿದ ಏನಾದರೂ. ಕೊನೆಗೆ ರಮ್ಮನ್ನು ಉರಿಸಿ ಬೆರೆಸಿದ ಕಾಫಿ. ರಮ್ ಬೇಡದವರಿಗೆ ಬರೀ ಕಾಫಿ ಕೊಡುತ್ತಾರೆ.

ಮಧ್ಯಾಹ್ನ ಇಳಿಯುವಾಗ ಓರ್ಚಾತಾ. ಊರಿಗೆ ಅಂಟಿಕೊಂಡಂತೆ ಉತ್ತರಕ್ಕಿರುವ ಅಲ್ಬೊರಾಯಾದ ಮರಳು ಮಿಶ್ರಿತ ಮಣ್ಣಿನಲ್ಲಿ ಬೆಳೆಯುವ ಚೂಫಾ ಎಂಬ ಪುಟ್ಟ ಗಡ್ಡೆಯನ್ನು ನೆನೆಸಿ, ಅರೆದು, ಸೋಸಿ, ಸಕ್ಕರೆ ಹಾಕಿ ತಣ್ಣಗೆ ಮಾಡಿದ ಹಾಲಿನ ಬಣ್ಣದ ಪಾನೀಯ; ಹಾಲು ಒಂದು ಹನಿಯೂ ಇಲ್ಲ. ನಮ್ಮ ಗದ್ದೆ ತೋಟಗಳಲ್ಲಿ ರೈತರು ಶಪಿಸಿ ಕೀಳುವ ಕೊನ್ನಾರಿ ಗಡ್ಡೆಯ ಕುಲದ್ದೇ ಈ ಗಿಡ. ಅಲ್ಲಿ ಅದು ಬೆಳೆ, ಇಲ್ಲಿ ಅದರ ನೆಂಟ ಕಳೆ. ಜೊತೆಗೆ ಅದ್ದಿಕೊಂಡು ತಿನ್ನಲು ಉದ್ದನೆಯ ಮೆತ್ತಗಿನ ಬನ್ನು. ಹಳೆಯ ಓರ್ಚಾತಾ ಅಂಗಡಿಗಳಲ್ಲಿ ಅಮೃತಶಿಲೆಯ ಮೇಜಿನ ಮುಂದೆ ಒಬ್ಬರೇ ಎಷ್ಟು ಹೊತ್ತು ಕುಳಿತರೂ ಬಿಲ್ಲು ತಾನಾಗಿ ಬರುವುದಿಲ್ಲ, ಕೇಳಿದ ಮೇಲೆಯೇ ತರುತ್ತಾರೆ.

ಕಡಲಿಗೆ ಟ್ರಾಮ್ ಹೋಗುತ್ತದೆ. ಮಾಲ್ವರೋಸಾ ದಂಡೆ ಅಗಲವಾದದ್ದು, ಮರಳು ನುಣುಪು, ಏರಿಳಿತ ಬಹಳ ಕಡಿಮೆ. ನಮ್ಮ ಕರಾವಳಿಯವರು ಕಡಲಿಗಿಳಿಯುವ ಸೂರ್ಯನನ್ನು ನೋಡಿ ಬೆಳೆದವರು. ಇಲ್ಲಿ ಅವನು ಕಡಲಿನಿಂದ ಏಳುತ್ತಾನೆ. ಹಾಗಾಗಿ ದಂಡೆಯ ಒಳ್ಳೆಯ ಹೊತ್ತು ಬೆಳಗು. ಸ್ಪೇನಿನ 1988ರ ಕರಾವಳಿ ಕಾನೂನಿನ ಪ್ರಕಾರ ಕಡಲದಂಡೆ ಸಾರ್ವಜನಿಕ ಸ್ವತ್ತು, ಯಾರೂ ಬೇಲಿ ಹಾಕಿ ತನ್ನದೆನ್ನುವಂತಿಲ್ಲ. ವಯಸ್ಸಾದವರು ಮನೆಯಿಂದಲೇ ಮಡಚುವ ಕುರ್ಚಿ ತಂದು ನೀರಿನ ಅಂಚಿನಲ್ಲಿ ವೃತ್ತವಾಗಿ ಕೂರುತ್ತಾರೆ. ಯಾರು ಏನು ತೊಟ್ಟಿದ್ದಾರೆ ಎಂದು ಯಾರೂ ತಿರುಗಿ ನೋಡುವುದಿಲ್ಲ. ನಾನು ಸಲ್ವಾರ್ ಕಮೀಜ್‌ನಲ್ಲೇ ಮರಳಿನ ಮೇಲೆ ಕೂತು ಓದಿದ ಬೆಳಗುಗಳಿವೆ.

ಒಬ್ಬಳೇ ಈಜಲು ಇಳಿಯುವವಳಿಗೆ ಚಿಂತೆ ಚೀಲದ್ದು. ಪಾಸ್‌ಪೋರ್ಟನ್ನು ದಂಡೆಗೆ ತರಲೇಬಾರದು. ಅದರ ನಕಲು, ಆ ದಿನಕ್ಕೆ ಬೇಕಾದಷ್ಟು ದುಡ್ಡು, ಫೋನು ಇಷ್ಟೇ ಸಾಕು. ಆಮೇಲೆ ಪಕ್ಕದಲ್ಲಿ ಮಕ್ಕಳೊಂದಿಗೆ ಬಂದ ಸಂಸಾರವನ್ನು ನೋಡಿ, ಸ್ವಲ್ಪ ಚೀಲ ನೋಡಿಕೊಳ್ಳುತ್ತೀರಾ ಎಂದು ಕೇಳುವುದು. ನನಗೆ ಯಾರೂ ಇಲ್ಲವೆನ್ನಲಿಲ್ಲ. ಮತ್ತೆ ಅವರು ನೀರಿಗಿಳಿದಾಗ ಅವರ ಸಾಮಾನು ಕಾಯುವುದು ನನ್ನ ಸರದಿ. ಹಸಿರು ಬಾವುಟವಿದ್ದರೆ ನಿಶ್ಚಿಂತೆ, ಹಳದಿಯಿದ್ದರೆ ಎಚ್ಚರ, ಕೆಂಪಿದ್ದರೆ ನೀರಿಗೆ ಕಾಲಿಡುವುದು ಬೇಡ. ಏನೇ ತುರ್ತಾದರೂ ಫೋನ್ ಸಂಖ್ಯೆ 112. ರಾತ್ರಿ ಹನ್ನೊಂದಕ್ಕೂ ಬೀದಿಗಳಲ್ಲಿ ತಳ್ಳುಗಾಡಿಯ ಕೂಸುಗಳು, ಅಜ್ಜಂದಿರು ಇರುವುದರಿಂದ ನಡೆದು ಕೋಣೆಗೆ ಮರಳುವಾಗ ನನಗೆ ಅಳುಕೆನಿಸಲಿಲ್ಲ. ಆದರೆ ಕತ್ತಲಾದ ಮೇಲೆ ನದಿಪಾತ್ರದ ಉದ್ಯಾನದೊಳಗೆ ನಡೆಯುವ ಬದಲು ಮೇಲಿನ ರಸ್ತೆಯಲ್ಲಿ ನಡೆಯಿರಿ. ಕೆಳಗೆ ಕೆಲವು ಭಾಗಗಳು ನಿರ್ಜನವಾಗಿರುತ್ತವೆ.

ಈ ದಂಡೆಯ ಬೆಳಕನ್ನು ಜಗತ್ತಿಗೆ ತೋರಿಸಿದವನು ಸೊರೋಯಾ. ಹುಟ್ಟಿದ್ದು ಇದೇ ಊರಿನಲ್ಲಿ, 1863ರಲ್ಲಿ. ಎರಡು ವರ್ಷದವನಿದ್ದಾಗ ಕಾಲರಾ ಅವನ ತಂದೆತಾಯಿಯನ್ನು ಒಯ್ದಿತು. ಎತ್ತುಗಳು ಕಡಲಿನಿಂದ ಎಳೆಯುವ ದೋಣಿಗಳು, ಒದ್ದೆ ಮರಳಿನ ಮೇಲೆ ಓಡುವ ಮಕ್ಕಳು, ಗಾಳಿಗೆ ಹಾರುವ ಬಿಳಿ ಬಟ್ಟೆ ಇವೆಲ್ಲ ಅವನ ಕುಂಚದಲ್ಲಿ ಹೊಳೆಯುತ್ತವೆ. ಆದರೆ 1899ರಲ್ಲಿ ಅವನು ಇದೇ ದಂಡೆಯಲ್ಲಿ ಬರೆದ ದೊಡ್ಡ ಚಿತ್ರವೊಂದರಲ್ಲಿ ಕಡಲು ಕಪ್ಪಾಗಿದೆ. ಕಾಲು ಸೋತ, ಊರುಗೋಲು ಹಿಡಿದ ಹುಡುಗರನ್ನು ಕಪ್ಪು ಉಡುಗೆಯ ಸನ್ಯಾಸಿಯೊಬ್ಬರು ನೀರಿಗಿಳಿಸುತ್ತಿದ್ದಾರೆ. ಮರುವರ್ಷ ಪ್ಯಾರಿಸ್ಸಿನ ವಿಶ್ವ ಪ್ರದರ್ಶನದಲ್ಲಿ ಅದಕ್ಕೆ ದೊಡ್ಡ ಬಹುಮಾನ ಬಂತು. ಬಿಸಿಲಿನ ಚಿತ್ರಕಾರ ಎಂದು ಅವನನ್ನು ಹೊಗಳುವವರು ಈ ಚಿತ್ರವನ್ನೂ ಮರೆಯಬಾರದು. ಸನ್ಯಾಸಿಯ ಕೈ ಹುಡುಗನನ್ನು ಹಿಡಿದಿರುವ ರೀತಿಯಲ್ಲಿ, ಅನಾಥನಾಗಿ ಬೆಳೆದವನ ಕಣ್ಣು ನನಗೆ ಕಾಣಿಸಿತು.

ದಂಡೆಯ ಹಿಂದೆಯೇ ಕಬಾನ್ಯಾಲ್, ಮೀನುಗಾರರ ಕೇರಿ. 1897ರವರೆಗೆ ಬೇರೆಯೇ ಊರಾಗಿತ್ತು. ಕಡಲಿಗೆ ಸಮಾನಾಂತರವಾದ ನೀಳ ಬೀದಿಗಳು, ಒಂದು ಎರಡು ಅಂತಸ್ತಿನ ಮನೆಗಳು, ಮುಂಗೋಡೆಗೆ ಹಸಿರು, ನೀಲಿ, ಹಳದಿ ಹೆಂಚುಬಿಲ್ಲೆಗಳು. 1998ರಲ್ಲಿ ನಗರಾಡಳಿತ ಊರಿನ ಹೆಬ್ಬೀದಿಯೊಂದನ್ನು ಈ ಕೇರಿಯ ನಡುವೆ ಸೀಳಿ ಕಡಲಿಗೆ ಮುಟ್ಟಿಸುವ ಯೋಜನೆ ತಂದಿತು. ಸಾವಿರಕ್ಕೂ ಹೆಚ್ಚು ಮನೆಗಳು ಉರುಳಬೇಕಿತ್ತು. ಕೇರಿಯವರು ಮನೆಬಾಗಿಲುಗಳನ್ನು ತೆರೆದು, ಒಳಗೆ ಕಲಾಪ್ರದರ್ಶನ ನಡೆಸಿ, ಕೋರ್ಟು ಹತ್ತಿ, ವರ್ಷಗಟ್ಟಲೆ ತಡೆದರು. ಅಷ್ಟರಲ್ಲಿ ಎಷ್ಟೋ ಮನೆ ಬಿದ್ದವು, ಬೀದಿಗಳು ಹಾಳುಬಿದ್ದವು. 2015ರಲ್ಲಿ ಆಡಳಿತ ಬದಲಾದ ಮೇಲೆ ಯೋಜನೆ ಕೈಬಿಟ್ಟರು. ಈಗ ಬೇಸಿಗೆಯ ಸಂಜೆ ಮನೆಯವರು ಬಾಗಿಲ ಮುಂದೆ ಕುರ್ಚಿ ಹಾಕಿ, ಬೀದಿಯಲ್ಲೇ ಊಟ ಮಾಡುವುದನ್ನು ನೋಡಬಹುದು.

ಬುಲ್‌ಡೋಜರಿನಿಂದ ಉಳಿದ ಕೇರಿಗೆ ಈಗ ಪ್ರವಾಸಿಗರಿಂದಲೇ ಕಷ್ಟ. ಮನೆಗಳು ಒಂದೊಂದಾಗಿ ದಿನಬಾಡಿಗೆಯ ಫ್ಲ್ಯಾಟುಗಳಾಗುತ್ತಿವೆ. ಬಾಡಿಗೆ ಏರುತ್ತಿದೆ. 2024ರಲ್ಲಿ ವಸತಿಗಾಗಿ ವಲೆನ್ಸಿಯಾದ ಬೀದಿಗಳಲ್ಲಿ ದೊಡ್ಡ ಮೆರವಣಿಗೆಗಳು ನಡೆದವು. ಒಂಟಿ ಪ್ರಯಾಣಿಕರಿಗೆ ಇಲ್ಲಿ ಒಂದು ಆಯ್ಕೆಯಿದೆ, ಅದನ್ನು ನಾನು ಗಂಭೀರವಾಗಿಯೇ ಹೇಳುತ್ತೇನೆ: ಒಬ್ಬರು ಮಲಗಲು ಒಂದು ಸಂಸಾರದ ಮನೆ ಬೇಕಿಲ್ಲ. ಹಾಸ್ಟೆಲ್ಲಿನ ಹಾಸಿಗೆ, ಪೆನ್ಸಿಯೋನ್ ಎಂಬ ಹಳೆಯ ಬಗೆಯ ವಸತಿಗೃಹ, ಸಣ್ಣ ಹೋಟೆಲಿನ ಒಂಟಿ ಕೋಣೆ ಇವು ಸಾಲುತ್ತವೆ. ಹಾಸ್ಟೆಲ್ಲುಗಳಲ್ಲಿ ಹೆಂಗಸರಿಗೇ ಮೀಸಲಾದ ಕೋಣೆಗಳಿರುತ್ತವೆ.

ಹೋಗಲು ಒಳ್ಳೆಯ ಕಾಲ ಏಪ್ರಿಲಿನಿಂದ ಜೂನ್. ಮಾರ್ಚ್ 15ರಿಂದ 19ರವರೆಗಿನ ಫಾಯಾಸ್ ಹಬ್ಬದಲ್ಲಿ ಬೀದಿಬೀದಿಗೂ ನಿಲ್ಲಿಸಿದ ಬೃಹತ್ ಬೊಂಬೆಗಳನ್ನು ಕೊನೆಯ ರಾತ್ರಿ ಸುಡುತ್ತಾರೆ. ಕೋಣೆಗಳ ಬೆಲೆ ಆಗ ಗಗನಕ್ಕೆ ಹೋಗುತ್ತದೆ. ಸೆಪ್ಟೆಂಬರ್ ಚೆನ್ನ. ಅಕ್ಟೋಬರಿನಲ್ಲಿ ಹೋಗುವವರು ಹವಾಮಾನದ ಎಚ್ಚರಿಕೆಗಳನ್ನು ನಿತ್ಯ ನೋಡಬೇಕು. ಬೇಸಿಗೆಯಿಡೀ ಕಾದ ಕಡಲಿನ ಮೇಲೆ ಎತ್ತರದಲ್ಲಿ ತಣ್ಣನೆಯ ಗಾಳಿಯ ಸುಳಿ ಬಂದು ನಿಂತಾಗ ಇಲ್ಲಿ ಸುರಿಯುವ ಮಳೆ ನಮ್ಮ ಮುಂಗಾರಿಗೂ ಮೀರಿದ್ದು.

2024ರ ಅಕ್ಟೋಬರ್ 29ರಂದು ಆದದ್ದು ಅದೇ. ಬೆಟ್ಟದ ಕಡೆಯ ತೂರಿಸ್ ಎಂಬ ಊರಿನಲ್ಲಿ ಒಂದೇ ದಿನ 770 ಮಿಲಿಮೀಟರಿಗೂ ಹೆಚ್ಚು ಮಳೆ. ಸದಾ ಒಣಗಿರುವ ಪೊಯೊ ಹಳ್ಳ ಉಕ್ಕಿ ಪಾಯ್‌ಪೋರ್ತಾ, ಕತಾರ್ರೋಜಾ, ಅಲ್ಫಾಫಾರ್ ಊರುಗಳ ಮೇಲೆ ಬಂತು. ಫೋನುಗಳಿಗೆ ಎಚ್ಚರಿಕೆ ಬಂದದ್ದು ರಾತ್ರಿ 8 ಗಂಟೆ 11 ನಿಮಿಷಕ್ಕೆ. ಆ ಹೊತ್ತಿಗೆ ಎಷ್ಟೋ ಮನೆಗಳ ನೆಲಮಹಡಿಯಲ್ಲಿ ನೀರು ತುಂಬಿತ್ತು. ವಲೆನ್ಸಿಯಾ ಪ್ರಾಂತ್ಯದಲ್ಲಿ 220ಕ್ಕೂ ಹೆಚ್ಚು ಜನ ಸತ್ತರು. ತೂರಿಯಾದ ಹೊಸ ಪಾತ್ರ ತುಂಬಿ ಹರಿದು ಊರಿನ ನಡುಭಾಗವನ್ನು ಕಾಯಿತು. ನಾನು ನಡೆದ ಉದ್ಯಾನಕ್ಕೆ ಪ್ರವಾಹ ತಟ್ಟಲಿಲ್ಲ. ಕೆಲವೇ ಕಿಲೋಮೀಟರು ದೂರದಲ್ಲಿ ಕಾರುಗಳು ಬೀದಿಗಳಲ್ಲಿ ಒಂದರ ಮೇಲೊಂದು ರಾಶಿ ಬಿದ್ದಿದ್ದವು.

ಆಮೇಲಿನ ದಿನಗಳಲ್ಲಿ ವಲೆನ್ಸಿಯಾದ ಸಾವಿರಾರು ಜನ, ಅದರಲ್ಲೂ ಹರೆಯದವರು, ಪೊರಕೆ, ಸಲಿಕೆ, ಬಕೆಟ್ಟು, ಕುಡಿಯುವ ನೀರು ಹೊತ್ತು ಹೊಸ ಪಾತ್ರದ ಮೇಲಿನ ಕಾಲುಸೇತುವೆ ದಾಟಿ ಆ ಊರುಗಳಿಗೆ ನಡೆದರು. ಯಾರೂ ಕರೆದಿರಲಿಲ್ಲ. ಜನ ಆ ಸೇತುವೆಗೆ ಒಗ್ಗಟ್ಟಿನ ಸೇತುವೆ ಎಂದು ಹೆಸರಿಟ್ಟರು. ನದಿಯ ಪಾತ್ರಕ್ಕಾಗಿ ಬೀದಿಗಿಳಿದವರ ಮಕ್ಕಳು, ಮೊಮ್ಮಕ್ಕಳು ಅವರು. ವಲೆನ್ಸಿಯಾಕ್ಕೆ ಹೋದವರು ಕಾಲಾತ್ರಾವಾನ ಕಟ್ಟಡಗಳಿಗೆ ಕೊಟ್ಟಷ್ಟೇ ಹೊತ್ತನ್ನು ಈ ಸೇತುವೆಗೂ ಕೊಡಲಿ ಎಂದು ನನ್ನ ಬೇಡಿಕೆ.

ಪೊಯೊ ಹಳ್ಳದ ಆ ಕೆಸರೆಲ್ಲ ಕೊನೆಗೆ ಹೋಗಿ ಸೇರಿದ್ದು ಅಲ್ಬುಫೇರಾಕ್ಕೆ. ಊರಿನ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರು ದೂರದಲ್ಲಿ, ಕಡಲಿನಿಂದ ತೆಳುವಾದ ಮರಳ ಪಟ್ಟಿಯೊಂದು ಬೇರ್ಪಡಿಸಿದ ವಿಶಾಲ ಸಿಹಿನೀರಿನ ಸರೋವರ. ಸುತ್ತ ಬತ್ತದ ಗದ್ದೆಗಳು. ಪಾಯೆಯಾದ ಅಕ್ಕಿ ಬರುವುದು ಇಲ್ಲಿಂದಲೇ. ನಗರ ಸಾರಿಗೆಯ ಬಸ್ಸಿನಲ್ಲಿ ಹೋಗಿ ಎಲ್ ಪಾಲ್ಮಾರ್ ಎಂಬ ಹಳ್ಳಿಯಲ್ಲಿ ಇಳಿಯಬಹುದು. ಚಪ್ಪಟೆ ತಳದ ದೋಣಿಗಳಲ್ಲಿ ಇತರರ ಜೊತೆ ಸೇರಿಸಿ ಕರೆದೊಯ್ಯುತ್ತಾರೆ. ಒಂಟಿಯಾಗಿ ಬಂದವರು ಇಡೀ ದೋಣಿಯ ಬಾಡಿಗೆ ಕೊಡಬೇಕಿಲ್ಲ.

ಈ ಸರೋವರದಲ್ಲಿ ಮೀನು ಹಿಡಿಯುವ ಹಕ್ಕು ಹಳ್ಳಿಯ ಮೀನುಗಾರರ ಸಮುದಾಯದ್ದು. 1250ರಲ್ಲಿ ಹೈಮೆ ದೊರೆ ಕೊಟ್ಟದ್ದೆಂದು ಹೇಳುತ್ತಾರೆ. ಯಾರು ಯಾವ ಜಾಗದಲ್ಲಿ ಬಲೆ ಕಟ್ಟಬೇಕು ಎಂಬುದನ್ನು ಪ್ರತಿ ವರ್ಷ ಚೀಟಿ ಎತ್ತಿ ತೀರ್ಮಾನಿಸುತ್ತಾರೆ, ಹಾಗಾಗಿ ಒಳ್ಳೆಯ ಜಾಗ ಒಬ್ಬನ ಪಾಲಿಗೇ ಉಳಿಯುವುದಿಲ್ಲ. ಕೇಳಲು ಎಷ್ಟು ನ್ಯಾಯವಾದ ಏರ್ಪಾಡು! ಆದರೆ ಹಿಂದೆ ಹಕ್ಕು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತಿತ್ತು. ಮೀನುಗಾರನ ಮಗಳು, ಎಷ್ಟೇ ಚೆನ್ನಾಗಿ ದೋಣಿ ನಡೆಸಬಲ್ಲವಳಾದರೂ, ಪಾಲುದಾರಳಾಗಿರಲಿಲ್ಲ. ತೊಂಬತ್ತರ ದಶಕದಲ್ಲಿ ಹಳ್ಳಿಯ ಕೆಲವು ಹೆಂಗಸರು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ಊರಿನವರು ಅವರ ಜೊತೆ ಮಾತು ಬಿಟ್ಟರು. ತೀರ್ಪು ಹೆಂಗಸರ ಪರವಾಗಿ ಬಂತು. ಅದು ನೀರಿನ ಮೇಲೆ ಜಾರಿಗೆ ಬರಲು ಮಾತ್ರ ಮತ್ತೆ ವರ್ಷಗಳೇ ಹಿಡಿದವು.

ಎಲ್ಲರದು ಎನ್ನುವ ಜಾಗದಲ್ಲಿ ಹೆಣ್ಣುಮಕ್ಕಳನ್ನು ಎಲ್ಲರ ಲೆಕ್ಕಕ್ಕೆ ಸೇರಿಸಿದ್ದಾರೋ ಇಲ್ಲವೋ ಎಂದು ಒಬ್ಬಳೇ ತಿರುಗುವವಳು ಹೋದಲ್ಲೆಲ್ಲ ನೋಡುತ್ತಾಳೆ. ಅದಕ್ಕೇ ಎಲ್ ಪಾಲ್ಮಾರ್‌ಗೆ ಹೋದಾಗ ದೋಣಿಯ ಚಾಲಕನನ್ನೂ, ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರನ್ನೂ ಈ ಮೊಕದ್ದಮೆಯ ಬಗ್ಗೆ ಕೇಳಿದೆ. ಹಳೆಯ ಪದ್ಧತಿ ಮುರಿದು ಊರು ಒಡೆಯಿತು ಎಂದು ಅವನು ಹೇಳಿದ. ಅವರು ಹೇಳಿದ್ದು ಬೇರೆ: ಊರು ಒಡೆದೇ ಇತ್ತು, ಅಷ್ಟು ವರ್ಷ ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೋಗುವವರು ಇಬ್ಬರ ಮಾತನ್ನೂ ಕೇಳಿ, ಕೊನೆಯ ಬಸ್ಸಿನ ಹೊತ್ತನ್ನು ಮೊದಲೇ ವಿಚಾರಿಸಿಕೊಂಡಿರಿ.